ಹಳೇ ಬ್ಯೂಯಿಕ್ ಕಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿಶಿಗನ್‌ನಲ್ಲಿ ಹನ್ನೊಂದು ವರ್ಷ ನಾನು ಒಂದು 2002ರ ಬ್ಯೂಯಿಕ್ ಲೆಸೇಬರ್ ಓಡಿಸಿದೆ. ಬ್ಯೂಯಿಕ್ ಅಂದರೆ ಅಲ್ಲಿನ ಒಂದು ಹಳೇ ಕಾರು ಕಂಪನಿ, ಲೆಸೇಬರ್ ಅದರ ದೊಡ್ಡ ಸೆಡಾನ್. ಓದೋದಕ್ಕೆ ಅಂತ ಬಂದು ಮೊದಲ ಕಾರು ಹುಡುಕುವ ನಮ್ಮ ಕಡೆಯ ಹುಡುಗ ಹುಡುಗಿಯರು ಈ ಕಾರಿನ ಬಗ್ಗೆ ಕೇಳುತ್ತಲೇ ಇರುತ್ತಾರೆ. ಊರಿಗೆ ಹೋದಾಗ ಕಾರಿನ ಹುಚ್ಚಿರುವ ನೆಂಟರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿದ್ದನ್ನೆಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ಹೆಸರನ್ನು ಹೇಗೆ ಹೇಳಬೇಕು?

ಬ್ಯೂ-ಯಿಕ್. "ಬುಕ್" ಅಂತಲೋ "ಬ್ಯೂಕ್" ಅಂತಲೋ ಹೇಳಿದರೂ ಜನಕ್ಕೆ ಅರ್ಥವಾಗುತ್ತದೆ. ಅದು ಒಬ್ಬ ಮನುಷ್ಯನ ಮನೆತನದ ಹೆಸರು.

ಯಾರು ಆ ಮನುಷ್ಯ?

ಡೇವಿಡ್ ಡನ್‌ಬಾರ್ ಬ್ಯೂಯಿಕ್. ಹುಟ್ಟಿದ್ದು 1854ರಲ್ಲಿ, ಸ್ಕಾಟ್ಲೆಂಡಿನ ಆರ್ಬ್ರೋತ್‌ನಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ಮನೆಯವರು ಅಮೆರಿಕಕ್ಕೆ ಕರೆತಂದರು. ಬೆಳೆದಿದ್ದು ಡೆಟ್ರಾಯಿಟ್‌ನಲ್ಲಿ. ಮೊದಲ ಕಸುಬು ನಲ್ಲಿ, ಕೊಳಾಯಿ ಸಾಮಾನಿನದು.

ಬೀಡು ಕಬ್ಬಿಣದ ಸ್ನಾನದ ತೊಟ್ಟಿಗೆ ಬಿಳಿ ಪಿಂಗಾಣಿ ಲೇಪ ಕೂರಿಸುವ ವಿಧಾನವನ್ನು ರೂಢಿಗೆ ತಂದವರಲ್ಲಿ ಇವರ ಹೆಸರು ಬರುತ್ತದೆ. ಕಬ್ಬಿಣಕ್ಕೆ ಲೇಪ ಅಂಟಿಸುವುದು ಸುಲಭದ ಕೆಲಸವಲ್ಲ. ಕಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗದಿದ್ದರೆ ಲೇಪ ಬಿರುಕು ಬಿಡುತ್ತದೆ. ಅದನ್ನು ಸಾಧಿಸಿದ ಮನುಷ್ಯ ಕೈತುಂಬ ದುಡ್ಡು ಮಾಡಿಕೊಂಡು ಸುಮ್ನೆ ಕೂರಬಹುದಿತ್ತು. ಆದರೆ ಅಷ್ಟರಲ್ಲಿ ಪೆಟ್ರೋಲ್ ಎಂಜಿನ್ ತಲೆಗೆ ಹೊಕ್ಕಿತ್ತು. 1899ರಲ್ಲಿ ಕೊಳಾಯಿ ವ್ಯಾಪಾರವನ್ನು ಒಂದು ಲಕ್ಷ ಡಾಲರ್‌ಗೆ ಮಾರಿಬಿಟ್ಟರು. ಆ ದುಡ್ಡೆಲ್ಲ ಎಂಜಿನ್ ಪ್ರಯೋಗಕ್ಕೇ ಹೋಯಿತು.

1903ರ ಮೇ 19ರಂದು ಬ್ಯೂಯಿಕ್ ಮೋಟರ್ ಕಂಪನಿ ನೋಂದಣಿಯಾಯಿತು. ಫೋರ್ಡ್ ಕಂಪನಿ ಹುಟ್ಟಿದ್ದು ಮರು ತಿಂಗಳು. ಹಾಗಾಗಿ ಅಮೆರಿಕದಲ್ಲಿ ಇವತ್ತಿಗೂ ಮಾರಾಟದಲ್ಲಿರುವ ಅತಿ ಹಳೆಯ ಕಾರು ಹೆಸರುಗಳಲ್ಲಿ ಬ್ಯೂಯಿಕ್ ಒಂದು.

ಅವರ ಎಂಜಿನ್‌ನಲ್ಲಿ ಅಂಥದ್ದೇನಿತ್ತು?

ನನ್ನ ಪ್ರಕಾರ ಬ್ಯೂಯಿಕ್‌ನ ಇಡೀ ಕಥೆ ಶುರುವಾಗೋದೇ ಇಲ್ಲಿಂದ.

ಆ ಕಾಲದ ಹೆಚ್ಚಿನ ಎಂಜಿನ್‌ಗಳಲ್ಲಿ ವಾಲ್ವ್‌ಗಳು, ಅಂದರೆ ಗಾಳಿ ಒಳಬಿಟ್ಟು ಹೊಗೆ ಹೊರಬಿಡುವ ಮುಚ್ಚಳಗಳು, ಸಿಲಿಂಡರಿನ ಪಕ್ಕದಲ್ಲಿರುತ್ತಿದ್ದವು. ಪೆಟ್ರೋಲ್ ಬೆರೆತ ಗಾಳಿ ಪಕ್ಕದ ಗೂಡಿಗೆ ಬಂದು, ಅಲ್ಲಿಂದ ತಿರುಗಿ ಸಿಲಿಂಡರಿನ ಒಳಗೆ ಹೋಗಬೇಕಿತ್ತು. ಬ್ಯೂಯಿಕ್ ಜೊತೆ ಕೆಲಸ ಮಾಡಿದ ವಾಲ್ಟರ್ ಮಾರ್ ಮತ್ತು ಯೂಜೀನ್ ರಿಚರ್ಡ್ ವಾಲ್ವ್‌ಗಳನ್ನು ಸಿಲಿಂಡರಿನ ತಲೆಯ ಮೇಲೆ ಕೂರಿಸಿದ ಎಂಜಿನ್ ಮಾಡಿದರು. ನಮ್ಮ ಹಳೇ ಮನೆಗಳ ಗವಾಕ್ಷಿ ನೆನಪಿದೆಯಾ? ಪಕ್ಕದ ಕೋಣೆ ಹಾದು ಬರುವ ಬೆಳಕಿಗೂ ಗವಾಕ್ಷಿಯಿಂದ ನೇರವಾಗಿ ಬೀಳುವ ಬೆಳಕಿಗೂ ಎಷ್ಟು ವ್ಯತ್ಯಾಸ! ಇಲ್ಲಿ ಗಾಳಿಗೂ ಹಾಗೇ. ನೇರ ದಾರಿ ಸಿಕ್ಕಿದ್ದರಿಂದ ಎಂಜಿನ್ ಚೆನ್ನಾಗಿ ಉಸಿರಾಡಿತು. ಅಷ್ಟೇ ಗಾತ್ರದ ಬೇರೆ ಎಂಜಿನ್‌ಗಳಿಗಿಂತ ಜಾಸ್ತಿ ಶಕ್ತಿ ಬಂತು. 1904ರ ಮಾಡೆಲ್ ಬಿ ಕಾರಿಗೆ ಇದ್ದದ್ದು ಎರಡೇ ಸಿಲಿಂಡರ್, ಆದರೂ 20ಕ್ಕೂ ಜಾಸ್ತಿ ಅಶ್ವಶಕ್ತಿ ಕೊಡುತ್ತಿತ್ತು.

ಇವತ್ತು ರಸ್ತೆಯಲ್ಲಿ ಓಡುವ ಪೆಟ್ರೋಲ್ ಕಾರುಗಳು ಹೆಚ್ಚುಕಡಿಮೆ ಎಲ್ಲ ತಲೆಮೇಲಿನ ವಾಲ್ವ್‌ನವೇ. ಬ್ಯೂಯಿಕ್‌ನವರು ಮೊದಲ ಕಾರಿನಿಂದಲೇ ಈ ದಾರಿ ಹಿಡಿದರು.

ಜನರಲ್ ಮೋಟರ್ಸ್‌ಗೂ ಇದಕ್ಕೂ ಏನು ಸಂಬಂಧ?

ಅಮೆರಿಕದ ದೊಡ್ಡ ಕಾರು ಕಂಪನಿ ಜನರಲ್ ಮೋಟರ್ಸ್ ಕಟ್ಟಿದ್ದೇ ಬ್ಯೂಯಿಕ್ ಎಂಬ ಬುನಾದಿಯ ಮೇಲೆ.

ಡೇವಿಡ್ ಬ್ಯೂಯಿಕ್‌ಗೆ ಎಂಜಿನ್ ಗೊತ್ತಿತ್ತು, ವ್ಯಾಪಾರ ಒಲಿಯಲಿಲ್ಲ. ಸಾಲ ಏರಿತು. ಕಂಪನಿ ಡೆಟ್ರಾಯಿಟ್‌ನಿಂದ ಫ್ಲಿಂಟ್ ಊರಿಗೆ ಹೋಯಿತು. ಫ್ಲಿಂಟ್ ಆಗ ಕುದುರೆಗಾಡಿ ತಯಾರಿಕೆಗೆ ಹೆಸರುವಾಸಿ. 1904ರಲ್ಲಿ ತಯಾರಾದದ್ದು ಬರೀ 37 ಕಾರು. ಆ ವರ್ಷದ ನವೆಂಬರ್‌ನಲ್ಲಿ ವಿಲಿಯಂ ಡ್ಯೂರಾಂಟ್ ಕೈಗೆ ಕಂಪನಿ ಬಂತು. ಡ್ಯೂರಾಂಟ್ ಕುದುರೆಗಾಡಿ ಮಾರಿ ದೊಡ್ಡ ಸಾಹುಕಾರರಾಗಿದ್ದವರು. ಕಾರು ಕಂಡರೆ ಮೊದಲು ಇಷ್ಟವಿರಲಿಲ್ಲ. ಆದರೆ ಬ್ಯೂಯಿಕ್ ಕಾರನ್ನು ಫ್ಲಿಂಟ್ ಸುತ್ತಲಿನ ಕೆಸರು ರಸ್ತೆಗಳಲ್ಲಿ ತಾವೇ ಓಡಿಸಿ, ಹೂತು, ಎದ್ದು ನೋಡಿದ ಮೇಲೆ ಮನಸ್ಸು ಬದಲಾಯಿತು.

1908ರ ಹೊತ್ತಿಗೆ ವರ್ಷಕ್ಕೆ ಎಂಟು ಸಾವಿರಕ್ಕೂ ಜಾಸ್ತಿ ಬ್ಯೂಯಿಕ್ ತಯಾರಾಗುತ್ತಿದ್ದವು. ಆ ಬಲದ ಮೇಲೆ 1908ರ ಸೆಪ್ಟೆಂಬರ್ 16ರಂದು ಡ್ಯೂರಾಂಟ್ ಜನರಲ್ ಮೋಟರ್ಸ್ ಕಟ್ಟಿದರು. ಓಲ್ಡ್ಸ್‌ಮೊಬೈಲ್, ಕ್ಯಾಡಿಲಾಕ್ ಎಲ್ಲ ಆಮೇಲೆ ಬಂದು ಸೇರಿದವು.

ಆ ಕಾಲದ ಬ್ಯೂಯಿಕ್‌ನಲ್ಲಿ ಯಾರು ಯಾರಿದ್ದರು ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಬ್ಯೂಯಿಕ್‌ಗಾಗಿ ರೇಸ್ ಓಡಿಸುತ್ತಿದ್ದವರು ಲೂಯಿ ಷೆವ್ರೊಲೆ. ಕಾರ್ಖಾನೆ ನಡೆಸಿದವರು ವಾಲ್ಟರ್ ಕ್ರೈಸ್ಲರ್. ಅವರಿಗಿಂತ ಮೊದಲು ಕಂಪನಿಯ ಅಧ್ಯಕ್ಷರಾಗಿದ್ದವರು ಚಾರ್ಲ್ಸ್ ನ್ಯಾಶ್. ಮೂವರ ಹೆಸರಲ್ಲೂ ಮುಂದೆ ಬೇರೆ ಬೇರೆ ಕಾರು ಬಂದವು.

ಡೇವಿಡ್ ಬ್ಯೂಯಿಕ್ ಏನಾದರು?

ಕೆಲವೇ ವರ್ಷಗಳಲ್ಲಿ ಕಂಪನಿ ಬಿಟ್ಟು ಹೋದರು. ಎಣ್ಣೆ ಬಾವಿ, ಜಮೀನು ಅಂತ ಹಾಕಿದ ದುಡ್ಡೂ ಕೈ ಕಚ್ಚಿತು. ಕೊನೆಗಾಲದಲ್ಲಿ ಡೆಟ್ರಾಯಿಟ್‌ನ ಒಂದು ಕಸುಬು ಕಲಿಸುವ ಶಾಲೆಯಲ್ಲಿ ಸಣ್ಣ ಕೆಲಸ ಮಾಡಿಕೊಂಡಿದ್ದರು. ಮನೆಗೆ ಟೆಲಿಫೋನ್ ಹಾಕಿಸಿಕೊಳ್ಳುವಷ್ಟೂ ದುಡ್ಡಿರಲಿಲ್ಲ. ತೀರಿಕೊಂಡಿದ್ದು 1929ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಅವರ ಹೆಸರು ಹೊತ್ತ ಕಾರುಗಳು ಲಕ್ಷಗಟ್ಟಲೆ ಓಡಾಡುತ್ತಿದ್ದವು. ಡ್ಯೂರಾಂಟ್ ಕೂಡ 1929ರ ಷೇರುಪೇಟೆ ಕುಸಿತದಲ್ಲಿ ಕೈ ಸುಟ್ಟುಕೊಂಡರು, ಕೊನೆಗೆ ಫ್ಲಿಂಟ್‌ನಲ್ಲಿ ಒಂದು ಬೌಲಿಂಗ್ ಆಟದ ಮನೆ ನಡೆಸಿದರು. ಇಷ್ಟೆಲ್ಲ ಕಟ್ಟಿದ ಇಬ್ಬರಿಗೂ ಹೀಗಾಯಿತಲ್ಲ ಅಂತ ನನಗೆ ಈಗಲೂ ಬೇಸರವಾಗುತ್ತದೆ.

ಮೂರು ಗುರಾಣಿಯ ಲಾಂಛನ ಯಾವುದರದ್ದು?

ಸ್ಕಾಟ್ಲೆಂಡಿನ ಬ್ಯೂಯಿಕ್ ಮನೆತನದ ಗುರುತು. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಒಬ್ಬರು ಡೆಟ್ರಾಯಿಟ್ ಗ್ರಂಥಾಲಯದ ಹಳೆಯ ಪುಸ್ತಕದಲ್ಲಿ ಇದರ ವಿವರಣೆ ಕಂಡರು. ಮೊದಲು ಒಂದೇ ಗುರಾಣಿ ಇತ್ತು. 1960ರ ಹೊತ್ತಿಗೆ ಮೂರಾಯಿತು. ಆಗಿನ ಮೂರು ಮಾದರಿಗಳಾದ ಲೆಸೇಬರ್, ಇನ್‌ವಿಕ್ಟಾ, ಎಲೆಕ್ಟ್ರಾಗಳಿಗೆ ಒಂದೊಂದು.

ಮುಂದಿನ ಚಕ್ರದ ಹಿಂದೆ ಸಾಲಾಗಿ ತೂತು ಯಾಕೆ?

ಚಂದಕ್ಕೆ. 1949ರಲ್ಲಿ ಬಂದವು. ವಿನ್ಯಾಸಕಾರ ನೆಡ್ ನಿಕಲ್ಸ್ ತಮ್ಮ ಸ್ವಂತ ಕಾರಿಗೆ ತೂತು ಕೊರೆದು, ಒಳಗೆ ದೀಪ ಇಟ್ಟು, ಎಂಜಿನ್ ಓಡುವಾಗ ಮಿನುಗುವ ಹಾಗೆ ಮಾಡಿಕೊಂಡಿದ್ದರು. ಮೇಲಿನವರಿಗೆ ಇಷ್ಟವಾಯಿತು. ದೀಪ ಬಿಟ್ಟು ತೂತು ಮಾತ್ರ ಎಲ್ಲ ಕಾರಿಗೂ ಬಂತು. ದೊಡ್ಡ ರೋಡ್‌ಮಾಸ್ಟರ್‌ಗೆ ಪಕ್ಕಕ್ಕೆ ನಾಲ್ಕು, ಅದಕ್ಕಿಂತ ಕೆಳಗಿನದಕ್ಕೆ ಮೂರು. ತೂತು ಎಣಿಸಿ ಯಜಮಾನನ ಅಂತಸ್ತು ಹೇಳಬಹುದಿತ್ತು.

ಬ್ಯೂಯಿಕ್ ಅಂದರೆ ಅಜ್ಜ ಅಜ್ಜಿಯರ ಕಾರು ಅಂತಾರಲ್ಲ, ಯಾಕೆ?

ಜನರಲ್ ಮೋಟರ್ಸ್ ತನ್ನ ಕಾರುಗಳನ್ನು ಏಣಿ ಮೆಟ್ಟಿಲಿನ ಹಾಗೆ ಜೋಡಿಸಿತ್ತು. ಕೆಳಗೆ ಷೆವ್ರೊಲೆ, ಆಮೇಲೆ ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಯಿಕ್, ತುದಿಯಲ್ಲಿ ಕ್ಯಾಡಿಲಾಕ್. ಡಾಕ್ಟರು, ವಕೀಲರು, ಬ್ಯಾಂಕ್ ಮ್ಯಾನೇಜರು ಬ್ಯೂಯಿಕ್ ತಗೊಳ್ಳುತ್ತಿದ್ದರು. ದುಡ್ಡಿದೆ, ಆದರೆ ಕ್ಯಾಡಿಲಾಕ್ ತಂದು ಬೀದಿಯವರ ಕಣ್ಣು ಕುಕ್ಕಿಸುವ ಆಸೆ ಇಲ್ಲ ಅನ್ನುವವರ ಕಾರು ಅದು.

ಆ ಪೀಳಿಗೆಗೆ ವಯಸ್ಸಾಯಿತು. ಅವರ ಮಕ್ಕಳು ಜಪಾನಿನ ಕಾರು ಹಿಡಿದರು. ಹಿರಿಯರು ಮಾತ್ರ ಬ್ಯೂಯಿಕ್ ಬಿಡಲಿಲ್ಲ. ಮೆತ್ತನೆ ಸೀಟು, ಸದ್ದಿಲ್ಲದ ಓಟ, ಅಗಲವಾದ ಬಾಗಿಲು. ಮಂಡಿ ನೋವಿರುವವರಿಗೆ ಹತ್ತಿ ಇಳಿಯಲು ಇಷ್ಟು ಸುಲಭದ ಕಾರು ಕಡಿಮೆ. 1990ರ ದಶಕದಲ್ಲಿ ಅಮೆರಿಕದ ದೊಡ್ಡ ಸೆಡಾನ್‌ಗಳ ಮಾರಾಟದಲ್ಲಿ ಲೆಸೇಬರ್ ವರ್ಷಾನುಗಟ್ಟಲೆ ಮುಂದಿತ್ತು.

ನಮ್ಮಂಥವರಿಗೆ ಅನುಕೂಲವಾದದ್ದೂ ಇದರಿಂದಲೇ. ಹಿರಿಯರ ಕಾರು ಕಡಿಮೆ ಓಡಿರುತ್ತದೆ, ಷೆಡ್ಡಿನಲ್ಲಿ ನಿಂತಿರುತ್ತದೆ, ಹೊತ್ತುಹೊತ್ತಿಗೆ ಆಯಿಲ್ ಕಂಡಿರುತ್ತದೆ.

ಎಲ್ಲರೂ 3800, 3800 ಅಂತಾರೆ. ಏನದು?

ಅದು 3.8 ಲೀಟರ್‌ನ ವಿ6 ಎಂಜಿನ್, ಅಂದರೆ ಆರು ಸಿಲಿಂಡರ್ ವಿ ಆಕಾರದಲ್ಲಿ ಎರಡು ಸಾಲಾಗಿ ಕೂತಿರುವಂಥದ್ದು. ವಿ8 ಅಂದರೆ ಹಾಗೇ ಎಂಟು. ಇದರ ಕಥೆಯನ್ನು ಸ್ವಲ್ಪ ಉದ್ದ ಹೇಳುತ್ತೇನೆ.

1961ರಲ್ಲಿ ಬ್ಯೂಯಿಕ್ ಒಂದು ಹಗುರ ಅಲ್ಯೂಮಿನಿಯಂ ವಿ8 ಮಾಡಿತು. ಚೆನ್ನಾಗಿತ್ತು, ಆದರೆ ಎರಕ ಹೊಯ್ಯುವುದು ಕಷ್ಟ, ಖರ್ಚು ಜಾಸ್ತಿ. ಅದೇ ವಿನ್ಯಾಸದಲ್ಲಿ ಎರಡು ಸಿಲಿಂಡರ್ ತೆಗೆದು, ಬೀಡು ಕಬ್ಬಿಣದಲ್ಲಿ ಒಂದು ಅಗ್ಗದ ವಿ6 ಮಾಡಿದರು. 1962ರ ಬ್ಯೂಯಿಕ್ ಸ್ಪೆಷಲ್‌ನಲ್ಲಿ ಅದು ಬಂತು. ಅಮೆರಿಕದಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಕಾರಿನ ವಿ6 ಅದು. ಎಂಟು ಸಿಲಿಂಡರಿನ ಕೋನದಲ್ಲಿ ಆರು ಕೂರಿಸಿದ್ದರಿಂದ ನಿಂತಲ್ಲೇ ಸ್ವಲ್ಪ ನಡುಗುತ್ತಿತ್ತು. ಪೆಟ್ರೋಲ್ ಅಗ್ಗವಾಗಿದ್ದ ಕಾಲ, ಜನಕ್ಕೆ ವಿ8 ಬೇಕಿತ್ತು. 1967ರಲ್ಲಿ ಈ ಎಂಜಿನ್ ತಯಾರಿಸುವ ಯಂತ್ರಗಳನ್ನೆಲ್ಲ ಜೀಪ್ ಮಾಡುತ್ತಿದ್ದ ಕೈಸರ್ ಕಂಪನಿಗೆ ಮಾರಿಬಿಟ್ಟರು. ಅಲ್ಯೂಮಿನಿಯಂ ವಿ8 ಅದಕ್ಕೂ ಮೊದಲೇ ಬ್ರಿಟನ್ನಿನ ರೋವರ್ ಕಂಪನಿ ಪಾಲಾಗಿತ್ತು. ಮುಂದೆ ರೇಂಜ್ ರೋವರ್‌ಗೆ ದಶಕಗಟ್ಟಲೆ ಜೀವ ಕೊಟ್ಟಿದ್ದು ಅದೇ.

1973ರಲ್ಲಿ ಅರಬ್ ದೇಶಗಳ ತೈಲ ನಿರ್ಬಂಧ ಬಂತು. ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು. ಬ್ಯೂಯಿಕ್ ಬಳಿ ಸಣ್ಣ ಎಂಜಿನ್ನೇ ಇಲ್ಲ. ಆಗ ಮಾರಿದ ಎಂಜಿನ್ ನೆನಪಾಯಿತು. ಅಷ್ಟರಲ್ಲಿ ಜೀಪ್ ಅಮೆರಿಕನ್ ಮೋಟರ್ಸ್ ಕೈಗೆ ಹೋಗಿತ್ತು. 1974ರಲ್ಲಿ ಅವರಿಂದ ತನ್ನದೇ ಯಂತ್ರಗಳನ್ನು ಬ್ಯೂಯಿಕ್ ವಾಪಸ್ ಕೊಂಡುಕೊಂಡಿತು. ಫ್ಲಿಂಟ್‌ನಲ್ಲಿ ಅವನ್ನು ಮತ್ತೆ ಕೂರಿಸಿ ತಯಾರಿಕೆ ಶುರು ಮಾಡಿದರು. 1977ರಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳ ಬಲದಿಂದ ತಿರುಗುವ ದಂಡ) ಬದಲಿಸಿ ನಡುಕ ತಗ್ಗಿಸಿದರು. ಅಲ್ಲಿಂದ ಮೂವತ್ತು ವರ್ಷ ತಿದ್ದುತ್ತಲೇ ಹೋದರು. 1995ರಲ್ಲಿ ಬಂದ ಎರಡನೇ ಸರಣಿಯ 3800ಕ್ಕೆ 205 ಅಶ್ವಶಕ್ತಿ. ನನ್ನ ಕಾರಿನಲ್ಲಿದ್ದದ್ದು ಅದೇ. 2008ರ ಆಗಸ್ಟ್‌ನಲ್ಲಿ ಕೊನೆಯ ಎಂಜಿನ್ ಫ್ಲಿಂಟ್‌ನಿಂದ ಹೊರಬಂತು. ಈ ವಂಶದ ಎಂಜಿನ್‌ಗಳು ಎರಡೂವರೆ ಕೋಟಿಗೂ ಜಾಸ್ತಿ ತಯಾರಾದವು.

ಬಾನೆಟ್ ಎತ್ತಿ ನೋಡಿದರೆ ಹೆಮ್ಮೆಪಡುವಂಥದ್ದು ಏನೂ ಕಾಣಿಸೋದಿಲ್ಲ. ಸಿಲಿಂಡರಿಗೆ ಎರಡೇ ವಾಲ್ವ್, ಬೆಲ್ಟ್ ಬದಲು ಟೈಮಿಂಗ್ ಚೈನ್, ನಿಧಾನಕ್ಕೆ ತಿರುಗುವ ಗುಣ. ಎರಡು ಲಕ್ಷ ಮೈಲಿ ದಾಟಿಸೋದು ಆ ಸರಳತನವೇ.

ಬ್ಯೂಯಿಕ್‌ನವರು ವೇಗದ ಕಾರು ಮಾಡಿಯೇ ಇಲ್ವಾ?

ಮಾಡಿದ್ದಾರೆ, ಅದೂ ಇದೇ ವಿ6ಗೆ ಟರ್ಬೊ, ಅಂದರೆ ಹೊಗೆಯ ಬಲದಿಂದ ಗಾಳಿ ಒತ್ತಿ ತುಂಬುವ ಪಂಪು, ಕೂರಿಸಿ. 1980ರ ದಶಕದ ಗ್ರ್ಯಾಂಡ್ ನ್ಯಾಷನಲ್, ಅಡಿಯಿಂದ ಮುಡಿವರೆಗೆ ಕಪ್ಪು ಬಣ್ಣ. 1987ರಲ್ಲಿ 245 ಅಶ್ವಶಕ್ತಿ ಇತ್ತು, ಷೆವ್ರೊಲೆಯ ವೇಗದ ಕಾರಾದ ಆ ವರ್ಷದ ಕಾರ್ವೆಟ್‌ಗಿಂತ ಐದು ಜಾಸ್ತಿ. ಅದರ ಇನ್ನೂ ಬಲವಾದ ರೂಪ, ಅದೇ ವರ್ಷದ ಜಿಎನ್‌ಎಕ್ಸ್, ಬರೀ 547 ಮಾತ್ರ ತಯಾರಾದವು. ಮಿಶಿಗನ್‌ನ ಹಳೇ ಕಾರಿನ ಮೇಳಗಳಲ್ಲಿ ಜಿಎನ್‌ಎಕ್ಸ್ ಬಂದು ನಿಂತರೆ ಜನ ಮಾತು ನಿಲ್ಲಿಸಿ ಅತ್ತ ನಡೆಯೋದನ್ನು ನಾನೇ ನೋಡಿದ್ದೇನೆ.

ನಿಮಗೆ ಕಾರು ಹೇಗೆ ಸಿಕ್ಕಿತು?

2012ರಲ್ಲಿ, ಲ್ಯಾನ್ಸಿಂಗ್‌ನಲ್ಲಿ. ನಾವು ಬಾಡಿಗೆಗಿದ್ದ ಬೀದಿಯ ಒಬ್ಬರು ಅಜ್ಜಿ ಕಾರು ಓಡಿಸುವುದನ್ನು ನಿಲ್ಲಿಸಿದ್ದರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಕಾರು ಅವರದ್ದು. ಓಡಿದ್ದು 61 ಸಾವಿರ ಮೈಲಿ.

ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇತ್ತು. ರಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಒಳಗೆ ಪೆನ್ಸಿಲ್‌ನಲ್ಲಿ ಸಾಲು ಸಾಲು ಅಂಕಿ. ಪ್ರತಿ ಸಲ ಪೆಟ್ರೋಲ್ ಹಾಕಿಸಿದ ತಾರೀಖು, ಮೈಲಿ, ಎಷ್ಟು ಗ್ಯಾಲನ್, ಗ್ಯಾಲನ್‌ಗೆ ಎಷ್ಟು ಓಡಿತು. ಆಯಿಲ್ ಬದಲಿಸಿದ ದಿನಕ್ಕೆ ಪಕ್ಕದಲ್ಲಿ ಒಂದು ಸೊನ್ನೆ ಸುತ್ತು. ಕೊನೆಯ ಎರಡು ಪುಟದಲ್ಲಿ ಅಕ್ಷರ ಬೇರೆ, ಪೆನ್ನಿನ ಶಾಯಿ. ಗಂಡ ಹೋದ ಮೇಲೆ ಅಜ್ಜಿಯೇ ಬರೆದಿದ್ದರು, ಒಂದೂ ಬಿಡದೆ. ಅದನ್ನು ನೋಡಿದ ಮೇಲೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ. ಕೇಳಿದ್ದು ಕೊಟ್ಟೆ.

ಓಡಿಸಲು ಹೇಗಿರುತ್ತದೆ?

ಮೊದಲ ಸಲ ಕೂತಾಗ ಸೋಫಾ ಅನ್ನಿಸುತ್ತದೆ. ನನ್ನದರಲ್ಲಿ ಮುಂದೆ ಮೂವರು ಕೂರುವ ಉದ್ದ ಸೀಟು, ಗೇರ್ ಕಡ್ಡಿ ಸ್ಟಿಯರಿಂಗ್ ಪಕ್ಕದಲ್ಲಿ. ಅರಸೀಕೆರೆಯಿಂದ ಅಪ್ಪ ಅಮ್ಮ ಬಂದಾಗ ಅಪ್ಪ ಬಾಗಿಲು ತೆಗೆದು ಒಂದು ಕ್ಷಣ ಹಾಗೇ ನಿಂತರು. "ಲೋ, ಇದು ನಮ್ಮ ಅಂಬಾಸಿಡರ್ ತರಾನೇ ಇದೆಯಲ್ಲೋ" ಅಂದರು. ಅವರು ಇಪ್ಪತ್ತು ವರ್ಷ ಅಂಬಾಸಿಡರ್ ಓಡಿಸಿದವರು. ಉದ್ದ ಸೀಟು, ಸ್ಟಿಯರಿಂಗ್ ಗೇರು ಅವರ ಕೈಗೆ ಹಳೇ ಪರಿಚಯ. ನಯಾಗರಕ್ಕೆ ಹೋಗುವಾಗ ನಾವು ಆರು ಜನ ಒಂದೇ ಕಾರಿನಲ್ಲಿ ಹೋದೆವು. ಅಮ್ಮ ಮುಂದೆ ನಡುವೆ ಕೂತು ಚಕ್ಕುಲಿ ಹಂಚಿದರು.

ತಿರುವುಗಳಲ್ಲಿ ವಾಲುತ್ತದೆ. ಬ್ರೇಕ್ ಮೆತ್ತಗೆ. ಗಡಿಬಿಡಿಯಲ್ಲಿ ಓಡಿಸುವವರಿಗೆ ಹಿಡಿಸುವುದಿಲ್ಲ. ನೇರ ಹೈವೇಯಲ್ಲಿ ಮಾತ್ರ ಇದಕ್ಕೆ ಸಾಟಿ ಕಡಿಮೆ. ಗ್ಯಾಲನ್‌ಗೆ 28 ಮೈಲಿ ಸಿಗುತ್ತಿತ್ತು, ಅಂದರೆ ಲೀಟರಿಗೆ ಹನ್ನೆರಡು ಕಿಲೋಮೀಟರ್ ಹತ್ತಿರ. ಇಷ್ಟು ದೊಡ್ಡ ಕಾರಿಗೆ ಅದು ಒಳ್ಳೆಯ ಲೆಕ್ಕ. ಸಾದಾ 87 ಆಕ್ಟೇನ್ ಪೆಟ್ರೋಲ್ ಸಾಕು. ಸೂಪರ್‌ಚಾರ್ಜರ್ (ಬೆಲ್ಟಿನಿಂದ ತಿರುಗಿ ಗಾಳಿ ಒತ್ತುವ ಪಂಪು) ಇರುವ ಪಾರ್ಕ್ ಅವೆನ್ಯೂ ಅಲ್ಟ್ರಾ, ರೀಗಲ್ ಜಿಎಸ್ ತಗೊಂಡರೆ ಮಾತ್ರ ದುಬಾರಿ ಪೆಟ್ರೋಲ್ ಬೇಕು.

ಹಳೇ 3800 ಕಾರು ತಗೊಳ್ಳುವ ಮುಂಚೆ ಏನು ನೋಡಬೇಕು?

ಮೊದಲು ಎಂಜಿನ್ ಅದೇನಾ ಅಂತ ಖಚಿತ ಮಾಡಿಕೊಳ್ಳಿ. ಗಾಜಿನ ಕೆಳಗೆ ಕಾಣುವ 17 ಅಕ್ಷರದ ವಾಹನ ಸಂಖ್ಯೆಯಲ್ಲಿ ಎಂಟನೆಯದು "ಕೆ" ಆಗಿದ್ದರೆ ಎರಡನೇ ಸರಣಿಯ ಸಾದಾ 3800.

ಈ ಎಂಜಿನ್ನಿಗೆ ಗೊತ್ತಿರುವ ಕಾಯಿಲೆಗಳಿವೆ, ಬಚ್ಚಿಡುವಂಥದ್ದೇನಲ್ಲ. ಗಾಳಿ ಒಳಹೋಗುವ ಮೇಲಿನ ಮ್ಯಾನಿಫೋಲ್ಡ್ ಪ್ಲಾಸ್ಟಿಕ್‌ದು. ಹೊಗೆ ಮರಳಿಸುವ ಬಿಸಿ ಕೊಳವೆ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ವರ್ಷಗಟ್ಟಲೆ ಬಿಸಿ ತಾಗಿ ಆ ಪ್ಲಾಸ್ಟಿಕ್ ಸವೆದರೆ ಎಂಜಿನ್ ತಣಿಸುವ ಕೂಲೆಂಟ್ ದ್ರವ ಸಿಲಿಂಡರಿನೊಳಗೆ ಸೋರುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೆ ಕೂಲೆಂಟ್ ಕಡಿಮೆಯಾಗುತ್ತಲೇ ಇದೆ ಅಂದರೆ ಇದೇ ಅನುಮಾನ ಪಡಿ. ಸ್ಟಾರ್ಟ್ ಮಾಡಲು ಹೋದಾಗ ಎಂಜಿನ್ ದಡ್ ಅಂತ ನಿಂತರೆ ಮತ್ತೆ ಮತ್ತೆ ಕೀಲಿ ತಿರುಗಿಸಬೇಡಿ. ದ್ರವ ಹಿಸುಕಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ತಿದ್ದಿದ ಹೊಸ ಮ್ಯಾನಿಫೋಲ್ಡ್ ಸಿಗುತ್ತದೆ. ಹಾಕಿಸಿದ ರಸೀದಿ ಇದೆಯಾ ಅಂತ ಮಾರುವವರನ್ನು ಕೇಳಿ.

ಇನ್ನೊಂದು, ಬೆಲ್ಟ್ ಪಕ್ಕದ ಬ್ರ್ಯಾಕೆಟ್ಟಿಗೆ ಸೇರುವ ಎರಡು ಪ್ಲಾಸ್ಟಿಕ್ ಮೊಣಕೈ ಪೈಪುಗಳು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು. ಹಳತಾದರೆ ರಸ್ಕ್ ತರ ಪುಡಿಯಾಗುತ್ತವೆ, ದಾರಿ ಮಧ್ಯೆ ಕೂಲೆಂಟೆಲ್ಲ ಹೋಗುತ್ತದೆ. ಲೋಹದವು ಕೆಲವೇ ಡಾಲರ್‌ಗೆ ಸಿಗುತ್ತವೆ. ನಾನು ಕಾರು ತಂದ ಮೊದಲ ತಿಂಗಳೇ ಮುಂಜಾಗ್ರತೆಗೆ ಬದಲಿಸಿದೆ. ಬಿಡುವಿನ ಒಂದು ಶನಿವಾರ ಸಾಕು.

ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಆಯಿಲ್ ಜಿನುಗಿ ಬಿಸಿ ಎಕ್ಸಾಸ್ಟ್ ಮೇಲೆ ಬೀಳುವುದು ಮೂರನೆಯದು. ಇದನ್ನು ಹಗುರವಾಗಿ ತಗೋಬೇಡಿ. ಬೆಂಕಿಯ ಭಯದಿಂದಲೇ 2015ರಲ್ಲಿ ಜನರಲ್ ಮೋಟರ್ಸ್ ಈ ಎಂಜಿನ್ ಇದ್ದ ರೀಗಲ್ ಮತ್ತು ಇತರ ಮಾದರಿಗಳ ಸುಮಾರು 14 ಲಕ್ಷ ಕಾರು ವಾಪಸ್ ಕರೆಸಿತ್ತು. ವಾಹನ ಸಂಖ್ಯೆ ಹಾಕಿದರೆ ರಿಪೇರಿ ಬಾಕಿ ಇದೆಯಾ ಅಂತ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ಪುಕ್ಕಟೆ ಗೊತ್ತಾಗುತ್ತದೆ.

ಮಂಜಿನ ಊರಿನ ಕಾರಿಗೆ ತುಕ್ಕು ಜಾಸ್ತಿ ಅಲ್ವಾ?

ಹೌದು. ಎಂಜಿನ್‌ಗಿಂತ ಮೊದಲು ಸಾಯುವುದು ತಗಡು. ಹಿಮ ಕರಗಲು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪು ಬಾಗಿಲ ಕೆಳಗಿನ ಅಂಚು, ಸಬ್‌ಫ್ರೇಮ್, ಬ್ರೇಕ್ ಪೈಪು ಎಲ್ಲ ತಿನ್ನುತ್ತದೆ. ಏಳನೇ ಚಳಿಗಾಲದಲ್ಲಿ ಒಂದು ಸಿಗ್ನಲ್ ಹತ್ತಿರ ನನ್ನ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು. ಹಿಂದಿನ ಚಕ್ರಕ್ಕೆ ಹೋಗುವ ಪೈಪು ತುಕ್ಕು ಹಿಡಿದು ಒಡೆದಿತ್ತು. ನಿಧಾನವಾಗಿ ಬರುತ್ತಿದ್ದರಿಂದ ಏನೂ ಆಗಲಿಲ್ಲ. ಕೈ ನಡುಗುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ನಾನು ಪ್ರತಿ ವರ್ಷ ಕೆಳಗೆ ಬಗ್ಗಿ ನೋಡಿದ್ದರೆ ಮೊದಲೇ ಕಾಣುತ್ತಿತ್ತು. ದಯವಿಟ್ಟು ಟಾರ್ಚ್ ಹಿಡಿದು ಮಲಗಿ ನೋಡಿ, ಮೆಕ್ಯಾನಿಕ್ ಹತ್ತಿರ ಕಾರು ಎತ್ತಿಸಿ ನೋಡಿ. ಚಳಿಗಾಲದಲ್ಲಿ ಎರಡು ವಾರಕ್ಕೊಮ್ಮೆ ತಳ ತೊಳೆಸಿ.

ಬಾನೆಟ್ ತೆಗೆದರೆ ಬ್ಯಾಟರಿಯೇ ಕಾಣುತ್ತಿಲ್ಲ!

ಈ ಪ್ರಶ್ನೆ ಪ್ರತಿ ಜನವರಿಯಲ್ಲೂ ಬರುತ್ತದೆ. 2000ದಿಂದ 2005ರವರೆಗಿನ ಲೆಸೇಬರ್‌ನಲ್ಲಿ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಮುಂದಿನ ಅಂಚು ಹಿಡಿದು ಜೋರಾಗಿ ಮೇಲೆತ್ತಿದರೆ ಸೀಟು ಕೈಗೆ ಬರುತ್ತದೆ. ಎಂಜಿನ್ ಬಿಸಿ, ಹೊರಗಿನ ಚಳಿ ಎರಡೂ ತಾಗದ್ದರಿಂದ ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಬೇರೆ ಕಾರಿನ ಬ್ಯಾಟರಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಲು ಸೀಟು ಕೀಳಬೇಕಿಲ್ಲ. ಬಾನೆಟ್ ಒಳಗೆ ಕೆಂಪು ಮುಚ್ಚಳದ ಪಾಸಿಟಿವ್ ತುದಿ ಇದೆ.

ಬಿಡಿ ಭಾಗ ಸಿಗುತ್ತವಾ?

ಧಾರಾಳವಾಗಿ. ಇದೇ ಎಂಜಿನ್ ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಷೆವ್ರೊಲೆ ಕಾರುಗಳಲ್ಲೂ ಇತ್ತು. ಗುಜರಿ ಯಾರ್ಡಿಗೆ ಸ್ಪ್ಯಾನರ್ ತಗೊಂಡು ಹೋದರೆ ನೀವೇ ಬಿಚ್ಚಿಕೊಂಡು ಬರಬಹುದು.

ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್ ಹೋದವು. ಬ್ಯೂಯಿಕ್ ಹೇಗೆ ಉಳಿಯಿತು?

ಚೀನಾದಿಂದ. 1920, 30ರ ದಶಕದಲ್ಲೇ ಅಲ್ಲಿ ಬ್ಯೂಯಿಕ್‌ಗೆ ದೊಡ್ಡ ಹೆಸರಿತ್ತು. ಕೊನೆಯ ಚಕ್ರವರ್ತಿ ಪೂಯಿ, ಚೀನಾ ಗಣರಾಜ್ಯ ಕಟ್ಟಿದ ಸನ್ ಯಾತ್ ಸೆನ್ ಇಬ್ಬರೂ ಬ್ಯೂಯಿಕ್‌ನಲ್ಲಿ ಓಡಾಡಿದವರು. 1997ರಲ್ಲಿ ಜನರಲ್ ಮೋಟರ್ಸ್ ಶಾಂಘೈನಲ್ಲಿ ಜಂಟಿ ಕಂಪನಿ ಮಾಡಿದಾಗ ಆ ಹಳೇ ಗೌರವ ಕೈಹಿಡಿಯಿತು. ಅಮೆರಿಕದಲ್ಲಿ ಅಜ್ಜನ ಕಾರು ಅನ್ನಿಸಿಕೊಂಡದ್ದು ಅಲ್ಲಿ ದೊಡ್ಡ ಮನುಷ್ಯರ ಕಾರಾಯಿತು. 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿದಾಗ ಪಾಂಟಿಯಾಕ್‌ಗೆ ಬೀಗ ಬಿತ್ತು. ಅಮೆರಿಕಕ್ಕಿಂತ ಚೀನಾದಲ್ಲೇ ಜಾಸ್ತಿ ಮಾರಾಟವಾಗುತ್ತಿದ್ದ ಬ್ಯೂಯಿಕ್ ಬಚಾವಾಯಿತು.

ಭಾರತದಲ್ಲಿ ಸಿಗುತ್ತದಾ?

ಇಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಬಂದ ಕೆಲವು ಬ್ಯೂಯಿಕ್‌ಗಳು ವಿಂಟೇಜ್ ಕಾರು ರ‍್ಯಾಲಿಗಳಲ್ಲಿ ಕಾಣಸಿಗುತ್ತವೆ. 1990ರ ದಶಕದಲ್ಲಿ ಜನರಲ್ ಮೋಟರ್ಸ್ ಮತ್ತೆ ಭಾರತಕ್ಕೆ ಬಂದಾಗ ಓಪೆಲ್ ತಂದಿತು, ಆಮೇಲೆ ಷೆವ್ರೊಲೆ. 2017ರ ಕೊನೆಗೆ ಆ ಮಾರಾಟವೂ ನಿಂತಿತು.

ಈಗಿನ ಬ್ಯೂಯಿಕ್ ಹೇಗಿವೆ?

ಅಮೆರಿಕದಲ್ಲಿ ಈಗ ಸೆಡಾನ್ ಇಲ್ಲ, ಎಲ್ಲ ಎಸ್‌ಯುವಿ ತರದವು. ಎನ್‌ವಿಸ್ಟಾ, ಎನ್‌ಕೋರ್ ಜಿಎಕ್ಸ್ ಕೊರಿಯಾದಿಂದ ಬರುತ್ತವೆ. ಎನ್‌ಕ್ಲೇವ್ ಮಾತ್ರ ನಮ್ಮ ಲ್ಯಾನ್ಸಿಂಗ್ ಪಕ್ಕದಲ್ಲೇ ತಯಾರಾಗುತ್ತದೆ. ಒಳ್ಳೆಯ ಕಾರುಗಳೇ. ನನಗೆ ಮನಸ್ಸು ಎಳೆಯುವುದು ಮಾತ್ರ ಹಳೇದಕ್ಕೆ.

ಫ್ಲಿಂಟ್‌ಗೆ ಹೋದರೆ ಏನು ನೋಡಬಹುದು?

ಸ್ಯಾಗಿನಾ ಬೀದಿಗೆ ಹೋಗಿ. ಇಟ್ಟಿಗೆ ಹಾಸಿದ ರಸ್ತೆ, ಮೇಲೆ "ವಾಹನ ನಗರ" ಎಂದು ಬರೆದ ಕಬ್ಬಿಣದ ಕಮಾನು. ಆಗಸ್ಟ್‌ನಲ್ಲಿ ಅಲ್ಲಿ ಹಳೇ ಕಾರುಗಳ ದೊಡ್ಡ ಜಾತ್ರೆ. ಸ್ಲೋನ್ ವಸ್ತುಸಂಗ್ರಹಾಲಯ ತಪ್ಪಿಸಬೇಡಿ. ಡ್ಯೂರಾಂಟ್‌ನ ಕುದುರೆಗಾಡಿ ಕಂಪನಿಯ ಕಚೇರಿ ಕಟ್ಟಡ ಈಗಲೂ ನಿಂತಿದೆ. ಬ್ಯೂಯಿಕ್ ಸಿಟಿ ಎಂಬ ಕಾರ್ಖಾನೆಯಲ್ಲಿ ಕಾರು ತಯಾರಿಕೆ 1999ರಲ್ಲಿ ನಿಂತಿತು. ಆಮೇಲೆ ಕಟ್ಟಡಗಳನ್ನೂ ಕೆಡವಿದರು. ನಾನು ಹೋದಾಗ ಮೈಲಿಗಟ್ಟಲೆ ಕಾಂಕ್ರೀಟ್ ನೆಲ, ಬಿರುಕುಗಳಲ್ಲಿ ಹುಲ್ಲು.

ಈ ಊರಿನ ಬಗ್ಗೆ ಮಾತಾಡುವಾಗ ನೀರಿನ ವಿಷಯ ಬಿಡಲಾಗದು. 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸಲು ಊರಿಗೆ ಫ್ಲಿಂಟ್ ನದಿಯ ನೀರು ಬಿಟ್ಟರು. ಅಕ್ಟೋಬರ್‌ನಲ್ಲಿ ಜನರಲ್ ಮೋಟರ್ಸ್‌ನ ಎಂಜಿನ್ ಕಾರ್ಖಾನೆ, ಆ ನೀರಿನಿಂದ ಭಾಗಗಳು ತುಕ್ಕು ಹಿಡಿಯುತ್ತಿವೆ ಅಂತ ಬೇರೆ ನೀರಿಗೆ ಬದಲಾಯಿತು. ಎಂಜಿನ್ನಿಗೆ ಆಗದ ನೀರನ್ನು ಜನ ಇನ್ನೊಂದು ವರ್ಷ ಕುಡಿದರು. ಹಳೇ ಪೈಪುಗಳ ಸೀಸ ಕರಗಿ ಮಕ್ಕಳ ರಕ್ತ ಸೇರಿತು. ಬ್ಯೂಯಿಕ್ ಕಟ್ಟಿದವರ ಮೊಮ್ಮಕ್ಕಳು ಅವರು.

ನಿಮ್ಮ ಲೆಸೇಬರ್ ಈಗ ಎಲ್ಲಿದೆ?

2023ರಲ್ಲಿ ದಾವಣಗೆರೆಯಿಂದ ಓದಲು ಬಂದ ಒಬ್ಬ ಹುಡುಗನಿಗೆ ಕೊಟ್ಟೆ. ಆಗ ಮೀಟರಿನಲ್ಲಿ 1,94,000 ಮೈಲಿ. ಎಂಜಿನ್ ಬಿಚ್ಚುವ ಪ್ರಸಂಗ ಬಂದಿರಲಿಲ್ಲ. ಕೀಲಿ ಜೊತೆ ನೋಟ್‌ಬುಕ್ಕನ್ನೂ ಕೊಟ್ಟೆ. ಪುಟ ಮುಗಿದು ಹೋಗಿ ನಾನು ಹಿಂದೆ ಇನ್ನೊಂದು ಪುಸ್ತಕ ಹೊಲಿದಿದ್ದೆ. ಹೋದ ತಿಂಗಳು ಅವನು ಒಂದು ಫೋಟೋ ಕಳಿಸಿದ್ದ. ತಾರೀಖು, ಮೈಲಿ, ಗ್ಯಾಲನ್. ಪೆನ್ಸಿಲ್‌ನಲ್ಲಿ ಬರೆದಿದ್ದಾನೆ.